70ರ ದಶಕದ ಬ್ಯಾಲೆ ಲುಕ್ ಮನೇಲೇ ಮಾಡ್ಕೊಳ್ಳೋದು ಹೇಗೆ

1970ರ ದಶಕದ ನ್ಯೂಯಾರ್ಕ್ ಬ್ಯಾಲೆ ಅಂದ್ರೆ ನಂಗೆ ಜೀವ. 1974ರ ಜೂನ್‌ನಲ್ಲಿ ಬ್ಯಾಲೆ ಡ್ಯಾನ್ಸರ್ ಮಿಖಾಯಿಲ್ ಬರಿಶ್ನಿಕೋವ್ ಕೆನಡಾದ ಟೊರೊಂಟೊದಲ್ಲಿ ಸೋವಿಯತ್ ತಂಡ ಬಿಟ್ಟು ಬಂದ್ರು, ಮುಂದಿನ ತಿಂಗಳೇ ನ್ಯೂಯಾರ್ಕಲ್ಲಿ ಬ್ಯಾಲೆ ನರ್ತಕಿ ನಟಾಲಿಯಾ ಮಕರೋವಾ ಜೊತೆ 'ಜಿಸೆಲ್' ಅನ್ನೋ ಬ್ಯಾಲೆ ಕುಣಿದ್ರು, ಆ ದಶಕದಲ್ಲಿ ಬ್ಯಾಲೆ ಹುಚ್ಚು ಹೆಂಗೆ ಹಬ್ತು ಅಂದ್ರೆ ಪ್ರಾಕ್ಟೀಸ್ ಬಟ್ಟೆ ಕೂಡ ಬೀದಿಗೆ, ಡಿಸ್ಕೋಗೆ ಬಂತು.

ಮೊದ್ಲು ಜಿಸೆಲ್‌ನ ಎರಡನೇ ಅಂಕದ ವಿಡಿಯೋ ನೋಡಿ, ಮೀನಖಂಡದವರೆಗೆ ಇಳಿಯೋ ಬಿಳೀ ಟ್ಯೂಲ್ (ಬಲೆ ಥರದ ತೆಳು ಬಟ್ಟೆ) ಸ್ಕರ್ಟು ಹೊಗೆ ಥರ ತೇಲುತ್ತಲ್ಲ, ಅದು ಮನಸ್ಸಲ್ಲಿರ್ಲಿ.

ಆಮೇಲೆ ಮೈಗಂಟೋ ಫುಲ್ ತೋಳಿನ ಲಿಯೊಟಾರ್ಡ್ (ಈಜುಡುಗೆ ಥರದ ಒಂದೇ ತುಂಡಿನ ಡ್ರೆಸ್ಸು), ಕಪ್ಪು ಇಲ್ಲಾ ವೈನ್ ಕಲರ್, ಅದ್ರ ಮೇಲೆ ಸೊಂಟಕ್ಕೆ ಸುತ್ತಿ ಕಟ್ಟೋ ತೆಳು ಸ್ಕರ್ಟು. ಹೊಳೆಯೋ ಬಟ್ಟೆ ಆದ್ರೆ ಡಿಸ್ಕೋ ಕಳೆ, ನಂಗಂತೂ ಮಂಕು ಬಣ್ಣದ ಕಾಟನ್ನೇ ಚಂದ.

ಲೆಗ್ ವಾರ್ಮರ್, ಅಂದ್ರೆ ಪಾದ ಇಲ್ಲದ ಬೆಚ್ಚನೆ ಕಾಲುಚೀಲ, ಮಾತ್ರ ಬಿಡ್ಲೇಬೇಡಿ. ಡ್ಯಾನ್ಸರ್‌ಗಳು ಅದನ್ನ ಹಾಕ್ತಿದ್ದಿದ್ದು ಮೀನಖಂಡ, ಪಾದದ ಗಂಟು ತಣ್ಣಗಾಗಿ ಬಿಗಿದುಕೊಳ್ಳದೇ ಇರ್ಲಿ ಅಂತ. ಹಳೇ ಉಲ್ಲನ್ ಸ್ವೆಟರ್ ತೋಳು ಕತ್ತರಿಸಿ, ಎಳೆ ಬಿಚ್ಚದ ಹಾಗೆ ತುದಿ ಮಡಚಿ ಹೊಲಿದ್ರೆ ಆಯ್ತು, ಕೆಳಗೆ ಸುಕ್ಕುಸುಕ್ಕಾಗಿ ಬೀಳ್ಬೇಕು, ನೀಟಾಗಿ ಎಳೀಬೇಡಿ.

ಕೂದ್ಲು ಸ್ವಲ್ಪ ಒದ್ದೆ ಮಾಡಿ ಎತ್ತರಕ್ಕೆ ಪೋನಿಟೇಲ್ ಕಟ್ಟಿ, ತಿರುಚಿ ತುರುಬಾಗಿ ಸುತ್ತಿ, ಯು ಪಿನ್ ಚುಚ್ಚಿ ಮೇಲೊಂದು ಹೇರ್‌ನೆಟ್.