ಮನೆಯಲ್ಲಿ ನೆದರು ತೆಗೆಯುವ ಕ್ರಮ: ಉಪ್ಪು, ಮೆಣಸಿನಕಾಯಿ, ಬೇವು, ಲೋಬಾನ

ಕೂಸು ಹಾಲು ಕುಡಿಯದೆ ರಚ್ಚೆ ಹಿಡಿದಾಗ, ಮದುಮಕ್ಕಳು ಮೆರವಣಿಗೆ ಮುಗಿಸಿ ಹೊಸ್ತಿಲಿಗೆ ಬಂದಾಗ, ಸಂತೆಯಿಂದ ಹೊಸ ಎತ್ತು ಮನೆಗೆ ಬಂದಾಗ ನೆದರು, ಅಂದರೆ ಕೆಟ್ಟ ದೃಷ್ಟಿ, ತೆಗೆಯುವ ರೂಢಿ ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗದ ಮನೆಗಳಲ್ಲಿ ಇಂದಿಗೂ ಇದೆ. ಇದಕ್ಕೆ ಪೂಜಾರಿಯೂ ಬೇಕಿಲ್ಲ, ದಕ್ಷಿಣೆಯೂ ಬೇಕಿಲ್ಲ. ಅಡುಗೆಮನೆಯ ಡಬ್ಬಿಗಳಲ್ಲಿ ಇರುವ ಸಾಮಾನು ಮತ್ತು ಮನೆಯ ಹಿರಿಯರೊಬ್ಬರು ಇದ್ದರೆ ಸಾಕು. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಮಾಡುವವರು ಕ್ರಮ ತಿಳಿದು ಮಾಡಬೇಕು, ಯಾವ ಸಾಮಾನು ಏನು ಮಾಡುತ್ತದೆ ಎಂಬುದನ್ನು ಅರಿತಿರಬೇಕು, ಔಷಧಿಯ ಜಾಗದಲ್ಲಿ ಇದನ್ನು ತಂದು ಕೂರಿಸಬಾರದು ಎಂಬುದು ನನ್ನ ನಿಲುವು. ಮುಂದಿನದ್ದೆಲ್ಲ ಆ ನಿಲುವಿನಿಂದಲೇ ಬರೆದದ್ದು.

ಎಲ್ಲಕ್ಕಿಂತ ಸರಳವಾದದ್ದು ಉಪ್ಪು ಮತ್ತು ಮೆಣಸಿನಕಾಯಿಯ ನೆದರು. ಒಂದು ಹಿಡಿ ಹರಳುಪ್ಪು, ಒಂದು ಚಿಟಿಕೆ ಸಾಸಿವೆ, ಮೂರು, ಐದು ಅಥವಾ ಏಳು ಒಣಮೆಣಸಿನಕಾಯಿಗಳನ್ನು ಬಲಗೈ ಮುಷ್ಟಿಯಲ್ಲಿ ಹಿಡಿಯಬೇಕು. ಕೆಲವು ಮನೆಗಳಲ್ಲಿ ಇದರ ಜೊತೆಗೆ ಕಸಬರಿಗೆಯ ಎರಡು ಕಡ್ಡಿಗಳನ್ನೂ ಮೂರು ದಾರಿ ಕೂಡುವಲ್ಲಿನ ಚೂರು ಮಣ್ಣನ್ನೂ ಸೇರಿಸುತ್ತಾರೆ. ಹೊತ್ತು ಮುಳುಗುವ ಸಮಯ ಸರಿಯಾದದ್ದು ಎಂದು ರೂಢಿ ಹೇಳುತ್ತದೆ. ಅಮಾವಾಸ್ಯೆ, ಮಂಗಳವಾರ, ರವಿವಾರಗಳನ್ನು ಹೆಚ್ಚಾಗಿ ಆರಿಸುತ್ತಾರೆ. ನೆದರು ತಗುಲಿದವರನ್ನು ಪೂರ್ವಕ್ಕೆ ಮುಖ ಮಾಡಿ ಮಣೆಯ ಮೇಲೆ ಕೂರಿಸಿ, ಮುಷ್ಟಿಯನ್ನು ಅವರ ನೆತ್ತಿಯಿಂದ ಪಾದದವರೆಗೆ ಬಲಕ್ಕೆ ಮೂರು ಸುತ್ತು, ಎಡಕ್ಕೆ ಮೂರು ಸುತ್ತು ನಿವಾಳಿಸಬೇಕು. ಕೊನೆಯಲ್ಲಿ ಅವರು ಮುಷ್ಟಿಯ ಕಡೆಗೆ ಮೂರು ಸಲ ಥೂ ಥೂ ಎಂದು ಉಗಿದಂತೆ ಮಾಡುತ್ತಾರೆ. ಆಮೇಲೆ ಮುಷ್ಟಿಯಲ್ಲಿದ್ದುದನ್ನು ಕೆಂಡಕ್ಕೆ ಹಾಕಬೇಕು.

ನಿವಾಳಿಸುವಾಗ ಹೇಳುವ ಮಾತು ಮನೆಯಿಂದ ಮನೆಗೆ ಬೇರೆಯಾದರೂ ಅದರ ರೀತಿ ಒಂದೇ: ‘ಬಂದವರ ಕಣ್ಣು, ಹೋದವರ ಕಣ್ಣು, ಓಣಿಯವರ ಕಣ್ಣು, ಊರವರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ಹೆತ್ತವ್ವನ ಕಣ್ಣು’ ಎಂದು ಕಂಡ ಕಂಡ ಕಣ್ಣುಗಳನ್ನೆಲ್ಲ ಎಣಿಸುತ್ತ ಹೋಗುವುದು. ಈ ಪಟ್ಟಿಯಲ್ಲಿ ಹೆತ್ತ ತಾಯಿಯ ಕಣ್ಣೂ ಇರುವುದನ್ನು ಗಮನಿಸಬೇಕು. ಎಲ್ಲರ ಕಣ್ಣನ್ನೂ ಹೇಳಿದಾಗ ಯಾರೊಬ್ಬರ ಮೇಲೂ ಆರೋಪ ಬೀಳುವುದಿಲ್ಲ, ಈ ಮಾತಿನ ಜಾಣತನ ಇರುವುದೇ ಅಲ್ಲಿ. ಆದ್ದರಿಂದ ಪಕ್ಕದ ಮನೆಯ ಇಂಥವಳ ನೆದರೇ ಆಗಿದೆ ಎಂದು ಹೆಸರು ಹಿಡಿದು ಹೇಳುವುದು ಈ ಕ್ರಮಕ್ಕೆ ಹೊರಗಿನದು, ಹಾಗೂ ಜಗಳ ತರುವಂಥದು. ಕೆಲವು ಹಳೆಯ ಪಾಠಗಳಲ್ಲಿ ಜಾತಿಯ ಹೆಸರುಗಳೂ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳನ್ನು ಹೀಗಳೆಯುವ ಪದಗಳೂ ಬರುತ್ತವೆ. ಅವನ್ನು ಮುಲಾಜಿಲ್ಲದೆ ಬಿಟ್ಟು ಹೇಳಬೇಕು, ಬಿಟ್ಟರೆ ಲಯವೇನೂ ಕೆಡುವುದಿಲ್ಲ.

ಕೆಂಡಕ್ಕೆ ಬಿದ್ದ ಮೆಣಸಿನಕಾಯಿ ಘಾಟು ಬಾರದಿದ್ದರೆ ನೆದರು ಆಗಿದ್ದುದು ನಿಜ, ಘಾಟು ಬಂದರೆ ಆಗಿಲ್ಲ ಎಂದು ಹಿರಿಯರು ಹೇಳುತ್ತಾರೆ. ಈ ಪರೀಕ್ಷೆಯನ್ನು ಬಹಳ ನೆಚ್ಚಿಕೊಳ್ಳಬಾರದು. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಬ್ಯಾಡಗಿ ತಳಿಯನ್ನೂ ಗುಂಟೂರು ತಳಿಯನ್ನೂ ಬೆಳೆಯುತ್ತಾರೆ. ಬ್ಯಾಡಗಿ ಬಣ್ಣಕ್ಕೆ ಹೆಸರಾದದ್ದು, ಅದರ ಖಾರ ಕಡಿಮೆ, ಗುಂಟೂರಿನ ಖಾರ ಜೋರು. ಡಬ್ಬಿಯಲ್ಲಿ ಇರುವುದು ಯಾವುದು ಎಂಬುದರ ಮೇಲೆ ಅರ್ಧ ತೀರ್ಮಾನವಾಗಿಬಿಡುತ್ತದೆ. ಉಳಿದರ್ಧ ಬೆಂಕಿಯದು: ಉರಿ ಜೋರಾಗಿದ್ದರೆ ಮೆಣಸಿನಕಾಯಿ ಖಾರದ ಅಂಶದ ಸಮೇತ ಬೇಗನೆ ಸುಟ್ಟುಹೋಗುತ್ತದೆ, ಕೆಂಡ ಮಂದವಾಗಿದ್ದರೆ ಅದೇ ಖಾರ ಹೊಗೆಯಲ್ಲಿ ಸೇರಿ ಮನೆಮಂದಿಯನ್ನೆಲ್ಲ ಕೆಮ್ಮಿಸುತ್ತದೆ. ಉಪ್ಪಿನ ಹರಳು ಚಟಪಟ ಸಿಡಿಯುವುದು ಹರಳಿನ ಒಳಗೆ ಸಿಕ್ಕಿಕೊಂಡ ನೀರು ಕಾದು ಆವಿಯಾಗಿ ಹೊರನುಗ್ಗುವುದರಿಂದ. ಸಾಸಿವೆ ಸಿಡಿಯುವುದಕ್ಕೂ ಅದರ ಒಳಗಿನ ತೇವವೇ ಕಾರಣ.

ಹಿಂದೆ ಒಲೆ ಇತ್ತು, ಒಲೆಯೊಳಗೆ ಹಾಕಿದರೆ ಕೆಲಸ ಮುಗಿಯುತ್ತಿತ್ತು. ಈಗ ಗ್ಯಾಸಿನ ಬರ್ನರ್ ಮೇಲೆಯೇ ಉಪ್ಪು ಮೆಣಸಿನಕಾಯಿ ಸುರಿಯುವವರಿದ್ದಾರೆ. ಬರ್ನರಿನ ತೂತುಗಳು ಕಟ್ಟುತ್ತವೆಯೇ ಹೊರತು ಅದರಿಂದ ಏನೂ ಉಪಯೋಗವಿಲ್ಲ. ಹಳೆಯ ಕಬ್ಬಿಣದ ಬಾಣಲೆಯಲ್ಲಿ ಇದ್ದಿಲ ಕೆಂಡ ಮಾಡಿಕೊಂಡು ಅಂಗಳದಲ್ಲಿ ಅಥವಾ ಮಾಳಿಗೆಯ ಮೇಲೆ, ಗಾಳಿ ಬೀಸುವ ದಿಕ್ಕನ್ನು ನೋಡಿಕೊಂಡು ಮಾಡುವುದು ಒಳ್ಳೆಯದು. ಉಬ್ಬಸ ಇರುವವರನ್ನೂ ಎಳೆಗೂಸನ್ನೂ ನಿವಾಳಿಸಿದ ಕೂಡಲೇ ಒಳಗೆ ಕಳಿಸಬೇಕು. ಆಮೇಲೆ ಕೈಕಾಲು ತೊಳೆಯುವ ಪದ್ಧತಿ ಇದೆಯಲ್ಲ, ಅದನ್ನು ಬಿಡಬಾರದು: ಮೆಣಸಿನಕಾಯಿಯ ಖಾರ ಬರೀ ನೀರಿಗೆ ಹೋಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಆದ್ದರಿಂದ ಮೊದಲು ಕೈಗೆ ಸ್ವಲ್ಪ ಎಣ್ಣೆ ತಿಕ್ಕಿ ನಂತರ ಸಾಬೂನು ಹಚ್ಚಿ ತೊಳೆದು, ಆಮೇಲಷ್ಟೇ ಕೂಸನ್ನು ಮುಟ್ಟಬೇಕು.

ಇನ್ನೊಂದು ಬಗೆಯದು ತಂಬಿಗೆಯ ನೆದರು. ನೋಡುವುದಕ್ಕೆ ಇದರಷ್ಟು ಚೆಂದವಾದದ್ದು ಬೇರೆ ಇಲ್ಲ. ಅಗಲವಾದ ಹಿತ್ತಾಳೆಯ ಗಂಗಾಳದಲ್ಲಿ ಎರಡು ಬೆರಳಿನಷ್ಟು ನೀರು ಹಾಕಿ, ಅರಿಶಿನ ಕದಡಿ, ಚಿಟಿಕೆ ಸುಣ್ಣ ಸೇರಿಸಬೇಕು. ಹಳದಿ ನೀರು ಕಣ್ಣೆದುರಿಗೇ ಕೆಂಪಾಗುತ್ತದೆ. ಸುಣ್ಣದ ಕ್ಷಾರಕ್ಕೆ ಅರಿಶಿನದ ಬಣ್ಣ ಹೀಗೆ ತಿರುಗುತ್ತದೆ, ಅದೇ ನೀರಿಗೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಗಂಗಾಳವನ್ನು ಮೊದಲು ಕುಳಿತವರ ಸುತ್ತ ನಿವಾಳಿಸಿ ನೆಲಕ್ಕೆ ಇಡಬೇಕು. ಎಣ್ಣೆಯಲ್ಲಿ ನೆನೆಸಿದ ಹತ್ತಿಯ ಬತ್ತಿಯನ್ನು ಹೊತ್ತಿಸಿ ತಂಬಿಗೆಯೊಳಗೆ ಹಾಕಿ, ಅದು ಚೆನ್ನಾಗಿ ಉರಿಯುವಾಗ ತಂಬಿಗೆಯನ್ನು ಗಂಗಾಳದ ನೀರಿನಲ್ಲಿ ಬೋರಲು ಹಾಕಬೇಕು. ಉರಿ ಆರುತ್ತದೆ, ಅಂಚಿನಲ್ಲಿ ಗುಳುಗುಳು ಎಂದು ಗುಳ್ಳೆಗಳು ಏಳುತ್ತವೆ, ನೋಡನೋಡುತ್ತ ಗಂಗಾಳದ ನೀರು ತಂಬಿಗೆಯೊಳಗೆ ಏರಿ ಹೋಗುತ್ತದೆ. ನೆದರನ್ನು ತಂಬಿಗೆ ಕುಡಿಯಿತು ಎನ್ನುವುದು ಮನೆಯವರ ಮಾತು. ಉರಿಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಒಂದಷ್ಟು ಗುಳ್ಳೆಗಳಾಗಿ ಹೊರಹೋಗುತ್ತದೆ, ಉರಿ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗುತ್ತದೆ, ಆಗ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಕಾರಣ ತಿಳಿದ ಮೇಲೂ ರಚ್ಚೆ ಹಿಡಿದ ಮಗು ಕಣ್ಣು ಬಿಟ್ಟುಕೊಂಡು ಅದನ್ನೇ ನೋಡುತ್ತ ಅಳು ನಿಲ್ಲಿಸುವುದು ಮಾತ್ರ ನಿಜ, ಮನೆಯವರಿಗೆ ಬೇಕಾದದ್ದೂ ಅಷ್ಟೇ.

ಈ ಕ್ರಮಕ್ಕೆ ಲೋಹದ ತಂಬಿಗೆಯೇ ಆಗಬೇಕು. ಗಾಜಿನದು ಬಿಸಿಗೆ ಸೀಳುತ್ತದೆ. ಬತ್ತಿ ಹತ್ತಿಯದೇ ಇರಬೇಕು, ಪಾಲಿಸ್ಟರ್ ಬಟ್ಟೆಯ ಚಿಂದಿ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹೊಟ್ಟೆನೋವಿಗೆ ಬಟ್ಟಿ (ಹೊಕ್ಕುಳ ಗಂಟು) ಸರಿದಿದೆ ಎಂದು ಹೊಕ್ಕುಳ ಮೇಲೆ ಉರಿಯುವ ಬತ್ತಿಯಿಟ್ಟು ತಂಬಿಗೆ ಹಚ್ಚುವ ರೂಢಿಯೂ ಇದೆ. ಅದನ್ನು ಮನೆಯಲ್ಲಿ ಮಾಡಲೇಬಾರದು. ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿಯುವ ನೋವು ಅಪೆಂಡಿಕ್ಸಿನದಾಗಿರಬಹುದು, ಅಲ್ಲಿ ಕಳೆಯುವ ಒಂದೊಂದು ತಾಸೂ ಅಪಾಯವನ್ನು ಹೆಚ್ಚಿಸುತ್ತದೆ.

ಬಾಗಿಲಿಗೆ ಕಟ್ಟುವುದರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ದಪ್ಪ ಸೂಜಿಯಲ್ಲಿ ಕಪ್ಪು ದಾರ ಪೋಣಿಸಿ, ಕೆಳಗೆ ಒಂದು ಚೂರು ಇದ್ದಿಲು, ಅದರ ಮೇಲೆ ನಿಂಬೆಹಣ್ಣು, ಅದರ ಮೇಲೆ ಐದು ಅಥವಾ ಏಳು ಹಸಿಮೆಣಸಿನಕಾಯಿ ಬರುವಂತೆ ಮಾಡಿ ಹೊಸ್ತಿಲ ಮೇಲ್ಗಡೆ ತೂಗು ಹಾಕಬೇಕು. ಇದರ ಜೊತೆ ಕೇರುಬೀಜವನ್ನು ಪೋಣಿಸುವವರು ಜಾಗ್ರತೆಯಿಂದಿರಬೇಕು; ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಆ ಬೀಜದ ಕಪ್ಪು ರಸ ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತವೆ. ಲೋಳೆಸರದ ಗಿಡವನ್ನು ಬೇರು ಮೇಲಾಗಿ ತೂಗುವವರೂ ಇದ್ದಾರೆ. ನೀರಿಲ್ಲದೆ ತಿಂಗಳುಗಟ್ಟಲೆ ಅದು ಹಸಿರಾಗಿರುವುದು ಎಲೆಯ ಲೋಳೆಯಲ್ಲಿ ಹಿಡಿದಿಟ್ಟುಕೊಂಡ ನೀರಿನಿಂದ. ರಾಯಚೂರಿನ ಬೇಸಿಗೆಯಲ್ಲಿ ಬಾಗಿಲಿಗೆ ಹಸಿರು ಬೇಕೆನ್ನುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಸಂಜೆಯ ಊದು ಅಥವಾ ಲೋಬಾನ ನಮ್ಮ ಭಾಗದಲ್ಲಿ ದರ್ಗಾಕ್ಕೂ ಮಠಕ್ಕೂ ಮನೆಗೂ ಒಂದೇ. ಮುದಗಲ್ಲಿನ ಮೊಹರಂನಲ್ಲಿ ಎಲ್ಲ ಜಾತಿಯವರೂ ಸೇರುವ ಸೀಮೆ ಇದು. ಲೋಬಾನದ ವಾಸನೆಯನ್ನು ಇಲ್ಲಿ ಯಾರೂ ಪರಕೀಯ ಎನ್ನುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ಹರಳಿನಂತೆ ಸಿಗುವ ಮರದ ಅಂಟು ಅದು. ಕೆಂಡದ ಮೇಲೆ ಕಡಲೆಕಾಳಿನಷ್ಟು ಹಾಕಿದರೆ ಸಾಕು. ಅದರ ಜೊತೆಗೆ ನೆರಳಿನಲ್ಲಿ ಒಣಗಿಸಿದ ಬೇವಿನ ಎಲೆ ಮತ್ತು ಲಕ್ಕಿ ಎಲೆಯನ್ನು ಒಂದೊಂದು ಹಿಡಿ ಸೇರಿಸಿದರೆ ಸೊಳ್ಳೆಗಳು ಸ್ವಲ್ಪ ಹೊತ್ತು ದೂರ ಇರುತ್ತವೆ. ದೇವರ ಕೋಣೆಯಿಂದ ಶುರುಮಾಡಿ, ಮೂಲೆ ಮೂಲೆಗೆ ಹೊಗೆ ತೋರಿಸಿ, ಕೊನೆಗೆ ಹೊಸ್ತಿಲ ಹೊರಗೆ ಇಡುವುದು ಕ್ರಮ. ಅಷ್ಟು ಹೊತ್ತೂ ಕಿಟಕಿ ಬಾಗಿಲುಗಳು ತೆರೆದಿರಬೇಕು, ಮತ್ತು ಕೆಂಡದ ಪಾತ್ರೆಯನ್ನು ಮುಚ್ಚಿದ ಕೋಣೆಯಲ್ಲಿ ಬಿಟ್ಟು ಯಾರೂ ಮಲಗಬಾರದು: ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಬಾಣಂತಿ ಕೋಣೆಯಲ್ಲಿ ಕೂಸಿಗೆ ಬೆಳ್ಳುಳ್ಳಿ ಸಿಪ್ಪೆ, ಅಜವಾನದ ಹೊಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಎಳೆಯ ಶ್ವಾಸಕೋಶಕ್ಕೆ ಯಾವ ಹೊಗೆಯೂ ಒಳ್ಳೆಯದಲ್ಲ.

ಬೇವಿನ ಮಾತು ಬಂದ ಮೇಲೆ ಅಮ್ಮ ಬಂದ ಮನೆಯ ವಿಷಯ ಹೇಳಲೇಬೇಕು. ಮೈಮೇಲೆ ಗುಳ್ಳೆ ಎದ್ದಾಗ ಬಾಗಿಲಿಗೆ ಬೇವಿನ ಟೊಂಗೆ ಸಿಕ್ಕಿಸುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ಹೊರಗಿನವರನ್ನು ಒಳಗೆ ಕರೆಯುವುದಿಲ್ಲ, ಮಲಗಿದವರ ಹಾಸಿಗೆಗೆ ಬೇವಿನ ಸೊಪ್ಪು ಹರಡುತ್ತಾರೆ. ಇದರಲ್ಲಿ ದೊಡ್ಡ ಗುಣ ಬಾಗಿಲ ಟೊಂಗೆಯದು. ಅದನ್ನು ಕಂಡವರು ಹೊಸ್ತಿಲು ದಾಟದೆ ಹಿಂದಿರುಗುತ್ತಾರೆ, ಸೋಂಕು ಅಷ್ಟರಮಟ್ಟಿಗೆ ಅಲ್ಲೇ ನಿಲ್ಲುತ್ತದೆ. ನೀರುಗುಳ್ಳೆ ಅಮ್ಮ (ಚಿಕನ್‌ಪಾಕ್ಸ್) ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದಲೇ ಹರಡತೊಡಗಿ, ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆಗಟ್ಟುವವರೆಗೆ ಹರಡುತ್ತದೆ. ಟೊಂಗೆ ಅಲ್ಲಿಯವರೆಗೂ ಇರಲಿ. ಬೇವಿನ ಎಲೆ ಹಾಕಿ ಕಾಯಿಸಿ ಆರಿಸಿದ ನೀರಿನಿಂದ ಮೈ ಒರೆಸಬಹುದು. ಆದರೆ ಬೇವಿನ ಎಣ್ಣೆಯನ್ನು ಮಕ್ಕಳಿಗೆ ಕುಡಿಸಬಾರದು, ಜ್ವರಕ್ಕೆಂದು ಆಸ್ಪಿರಿನ್ ಮಾತ್ರೆ ಕೊಡಬಾರದು. ಎರಡೂ ಮಕ್ಕಳ ಮಿದುಳಿಗೂ ಯಕೃತ್ತಿಗೂ ಗಂಡಾಂತರ ತರಬಲ್ಲವು. ಅಮ್ಮ ಎಂದೇ ಕರೆಯುವ ಇನ್ನೊಂದು ರೋಗವಾದ ದಡಾರಕ್ಕೆ ಒಂಬತ್ತು ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಲಸಿಕೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಹಾಕುತ್ತಾರೆ. ಅಮ್ಮನಿಗೆ ಮೊಸರನ್ನದ ಎಡೆ ಹಿಡಿಯುವವರೂ ಅದನ್ನು ಹಾಕಿಸಬೇಕು.

ಕೂಸಿಗೆ ಕಾಡಿಗೆಯ ಬೊಟ್ಟನ್ನು ಗಲ್ಲಕ್ಕೋ ಅಂಗಾಲಿಗೋ ಇಡಬೇಕು, ಕಣ್ಣಿಗೆ ಹಚ್ಚಬಾರದು. ಅಂಗಡಿಯ ಸುರ್ಮಾ ಎಷ್ಟೋ ಸಲ ಸೀಸದ ಅದಿರಿನ ಪುಡಿಯೇ ಆಗಿರುತ್ತದೆ. ಹರಳೆಣ್ಣೆಯ ದೀಪದ ಮಸಿಯನ್ನು ಹರಳೆಣ್ಣೆಯಲ್ಲೇ ಕಲಸಿ ಮನೆಯಲ್ಲಿ ಮಾಡಿಕೊಂಡರೆ ಬೊಟ್ಟಿಗೆ ಸಾಕಾಗುತ್ತದೆ. ಕೈಗೆ ಕಟ್ಟುವ ಬಜೆಯ ತುಂಡು, ಮಣಿ ಬಾಯಿಗೆ ಹೋಗುವಂತಿರಬಾರದು. ಕಪ್ಪು ದಾರದಲ್ಲಿ ಕಿರುಬೆರಳು ಸರಾಗವಾಗಿ ನುಸುಳಬೇಕು, ಕೂಸು ಬೆಳೆದಂತೆ ಅದನ್ನು ಕತ್ತರಿಸಿ ಹೊಸದು ಕಟ್ಟಬೇಕು. ಕರ್ಪೂರವನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಒಂದು ಸಣ್ಣ ಬಿಲ್ಲೆ ನುಂಗಿದರೂ ಫಿಟ್ಸ್ ಬರಬಹುದು.

ಹಾವು, ಚೇಳು, ನಾಯಿ ಕಚ್ಚಿದ್ದಕ್ಕೆ ಮೇಲಿನ ಯಾವುದನ್ನೂ ಮಾಡುತ್ತ ಕೂರಬಾರದು. ಗದ್ದೆ ಸೀಮೆಯಾದ ಸಿಂಧನೂರು, ಗಂಗಾವತಿ, ಸಿರುಗುಪ್ಪಗಳಲ್ಲಿ ಹಾವಿನ ಕಾಟ ಗೊತ್ತಿರುವಂಥದ್ದೇ. ಕಚ್ಚಿದ ಅಂಗವನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಬೇಕು, ಕುಯ್ಯುವುದೂ ಬಿಗಿಯಾಗಿ ಕಟ್ಟುವುದೂ ಬೇಡ. ಇಂಥ ಸಂದರ್ಭದಲ್ಲಿ ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು, ಜನ ಮೌಢ್ಯ ನಿಷೇಧ ಕಾಯ್ದೆ ಎಂದು ಕರೆಯುವ 2017ರ ಕರ್ನಾಟಕದ ಕಾಯ್ದೆಯಡಿ ಅಪರಾಧ. ಅದು 2020ರಿಂದ ಜಾರಿಯಲ್ಲಿದೆ. ನೆದರು ತೆಗೆಯುವುದಕ್ಕೆ ಸಾವಿರಗಟ್ಟಲೆ ಕೇಳುವವರು ಬಂದರೆ, ಹಿಡಿ ಉಪ್ಪಿನ ಬೆಲೆ ಎಷ್ಟೆಂದು ಅವರನ್ನೇ ಕೇಳಬಹುದು.

ಇನ್ನು ಉಳಿದದ್ದು ನಿವಾಳಿಸಿದ ಸಾಮಾನನ್ನು ಎಲ್ಲಿ ಹಾಕಬೇಕೆಂಬುದು. ಮೂರು ದಾರಿ ಕೂಡುವಲ್ಲಿ ಒಗೆಯಬೇಕೆಂಬ ರೂಢಿ ಎತ್ತಿನ ಗಾಡಿಯ ಕಾಲದ್ದು. ಅಮಾವಾಸ್ಯೆಯ ಮರುದಿನ ಬಳ್ಳಾರಿಯ ರಸ್ತೆಗಳಲ್ಲಿ ಒಡೆದ ಕುಂಬಳಕಾಯಿಯ ಮೇಲೆ ದ್ವಿಚಕ್ರ ವಾಹನಗಳು ಜಾರುತ್ತವೆ. ಕುಂಬಳಕಾಯಿ ಒಡೆದವರೇ ಅದರ ಹೋಳುಗಳನ್ನು ಎತ್ತಿ ದನಕ್ಕೆ ಹಾಕಬೇಕು. ಕುಂಕುಮ ತುಂಬಿ, ಒಳಗೆ ನಾಣ್ಯ ಹಾಕಿದ್ದರೆ ನಾಣ್ಯ ತೆಗೆದು, ಕುಂಕುಮದ ತಿರುಳನ್ನು ಬೇರೆ ಮಾಡಿ ಹಾಕಬೇಕು. ಹುಲಿಗೆಮ್ಮನ ಗುಡಿಯಿರುವ ಹುಲಿಗಿಯ ಹೊಳೆದಂಡೆಗೆ ಹೋದವರು ಬಟ್ಟೆ, ನಿಂಬೆಹಣ್ಣುಗಳನ್ನು ತುಂಗಭದ್ರೆಗೆ ಬಿಡುವ ಬದಲು ದಂಡೆಯ ಕಸದ ತೊಟ್ಟಿಗೆ ಹಾಕಬೇಕು. ಮನೆಯ ನಿಂಬೆಹಣ್ಣು, ಮೆಣಸಿನಕಾಯಿ, ತಣಿದ ಬೂದಿಯನ್ನು ಹಿತ್ತಲಲ್ಲಿ ಗೇಣುದ್ದ ಗುಂಡಿ ತೆಗೆದು ಮುಚ್ಚಬಹುದು. ಸುಡದೆ ಉಳಿದ ಉಪ್ಪನ್ನು ಮಾತ್ರ ಗಿಡದ ಬುಡಕ್ಕೆ ಹಾಕದೆ, ನೀರಿನಲ್ಲಿ ಕರಗಿಸಿ ಬಚ್ಚಲಿಗೆ ಬಿಡಬೇಕು.