ಕಾರಿನ ಸಣ್ಣಪುಟ್ಟ ಕೆಲಸ ನೀವೇ ಮಾಡ್ಕೊಳ್ಳಿ, ಆದರೆ ಪಾರ್ಟ್ ನೋಡಿ ತನ್ನಿ

ವಾರಂಟಿ ಮುಗಿದ ಕಾರಿನ ಸರ್ವಿಸ್ ಬಿಲ್ ಒಂದು ಸಲ ಪೂರ್ತಿ ಓದಿ ನೋಡಿ. ಕ್ಯಾಬಿನ್ ಫಿಲ್ಟರ್ (ಎಸಿ ಗಾಳಿ ಸೋಸೋದು), ಏರ್ ಫಿಲ್ಟರ್ (ಇಂಜಿನ್ನಿಗೆ ಹೋಗೋ ಗಾಳಿ ಸೋಸೋದು), ವೈಪರ್ ಬ್ಲೇಡ್, ಹೆಡ್‌ಲೈಟ್ ಬಲ್ಬ್, ಎಲ್ಲಕ್ಕೂ ಪಾರ್ಟಿನ ದುಡ್ಡು ಬೇರೆ, ಲೇಬರ್ ಬೇರೆ. ಹೆಚ್ಚಿನ ಕಾರುಗಳಲ್ಲಿ ಈ ನಾಲ್ಕಕ್ಕೂ ಮೆಕ್ಯಾನಿಕ್ ಬೇಕಾಗಿಲ್ಲ. ಬಿಚ್ಚೋದು ಹಾಕೋದು ಸುಲಭ. ಜನ ಎಡವೋದು ಪಾರ್ಟ್ ತರುವಾಗ. ಅದಕ್ಕೇ ಮೊದಲು ಅಂಗಡಿ ವಿಷಯ ಮುಗಿಸೋಣ.

ಬೆಂಗಳೂರಿನವರಿಗೆ ಸ್ಪೇರ್ಸ್ ಅಂದರೆ ಜೆ.ಸಿ. ರಸ್ತೆ. ಬೇರೆ ಊರುಗಳಲ್ಲೂ ಇಂಥ ಅಂಗಡಿಸಾಲು ಒಂದು ಇದ್ದೇ ಇರುತ್ತದೆ. ಕೌಂಟರಿನಲ್ಲಿ ಸಿಗೋದು ಮೂರು ಥರದ ಮಾಲು. ಒಂದು, ಕಾರು ಕಂಪನಿಯ ಡಬ್ಬಿಯಲ್ಲೇ ಬರೋದು: ಮಾರುತಿ ಜೆನ್ಯೂನ್ ಪಾರ್ಟ್ಸ್, ಹ್ಯುಂಡೈಗೆ ಮೋಬಿಸ್, ಹೀಗೆ. ಎರಡನೇದು, ಪಾರ್ಟ್ ತಯಾರಿಸುವವರ ಸ್ವಂತ ಡಬ್ಬಿ: ಬಾಷ್, ಡೆನ್ಸೋ, ವ್ಯಾಲಿಯೋ, ಎನ್‌ಜಿಕೆ, ಲ್ಯೂಕಾಸ್ ಟಿವಿಎಸ್, ರಾಣೆ, ಗೇಬ್ರಿಯಲ್. ಮೂರನೇದು ಲೋಕಲ್. ಇದರ ಜೊತೆಗೆ ಮೊದಲೆರಡರ ವೇಷ ಹಾಕಿಕೊಂಡ ಡೂಪ್ಲಿಕೇಟೂ ಇರುತ್ತದೆ.

ಕಾರು ಕಂಪನಿಗಳು ಸ್ಪಾರ್ಕ್ ಪ್ಲಗ್ಗು, ಫಿಲ್ಟರು, ಆಲ್ಟರ್ನೇಟರ್ ಎಲ್ಲ ತಾವೇ ಕೂತು ಮಾಡಲ್ಲ. ಈ ಎರಡನೇ ಸಾಲಿನವರ ಹತ್ತಿರವೇ ಮಾಡಿಸಿಕೊಂಡು ತಮ್ಮ ಹೆಸರು ಒತ್ತಿಸುತ್ತವೆ. ಅದೇ ತಯಾರಕರು ತಮ್ಮ ಡಬ್ಬಿಯಲ್ಲಿ ಮಾರುವ ಪಾರ್ಟ್ ಎಷ್ಟೋ ಸಲ ಕಡಿಮೆ ಬೆಲೆಗೆ ಸಿಗುತ್ತದೆ. ಹಾಗಾಗಿ ನನ್ನ ಓಟು ಎರಡನೇ ಸಾಲಿಗೆ. ಹಳೇ ಪಾರ್ಟ್ ಬಿಚ್ಚಿದಾಗ ಅದರ ಮೇಲೆ ಯಾರ ಹೆಸರಿದೆ ನೋಡಿ, ಆ ಹೆಸರಿನ ಡಬ್ಬಿಯನ್ನೇ ಕೇಳಿ. (ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿ 2008ರಲ್ಲೇ ಬಾಷ್ ಲಿಮಿಟೆಡ್ ಆಯಿತು. ಹಳೇ ಮೆಕ್ಯಾನಿಕ್‌ಗಳು ಇನ್ನೂ ಮೈಕೋ ಪ್ಲಗ್ ಅಂತಾನೇ ಕೇಳೋದು.)

ಅಂಗಡಿಗೆ ಹೋಗಿ "ಅಣ್ಣಾ, ಸ್ವಿಫ್ಟ್‌ದು ಏರ್ ಫಿಲ್ಟರ್ ಕೊಡಿ" ಅಂದರೆ ಯಾವುದೋ ಒಂದು ಕೈಗೆ ಬರುತ್ತದೆ. ಸ್ವಿಫ್ಟ್ ನಮ್ಮಲ್ಲಿ 2005ರಲ್ಲಿ ಬಂತು, 2011, 2018, 2024ರಲ್ಲಿ ಪೂರ್ತಿ ಬದಲಾಯಿತು, ಮಧ್ಯದಲ್ಲಿ ಡೀಸೆಲ್ಲೂ ಇತ್ತು. ಅಂಗಡಿಯವನಾದರೂ ಏನು ಮಾಡಬೇಕು? ಆರ್‌ಸಿ ಫೋಟೋ ಫೋನಿನಲ್ಲಿರಲಿ. ತಿಂಗಳು, ವರ್ಷ, ಪೆಟ್ರೋಲೋ ಡೀಸೆಲ್ಲೋ ಹೇಳಿ. ಎಲ್ಲಕ್ಕಿಂತ ಒಳ್ಳೇದು ಹಳೇ ಪಾರ್ಟನ್ನೇ ಕವರಿಗೆ ಹಾಕಿಕೊಂಡು ಹೋಗೋದು. ಅದರ ಮೇಲಿನ ಪಾರ್ಟ್ ನಂಬರ್ ಹೊಂದಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಅಳತೆ ನೋಡಿ.

ಡೂಪ್ಲಿಕೇಟ್ ಹಿಡಿಯೋಕೆ ಹೊಲೊಗ್ರಾಂ ಒಂದನ್ನೇ ನಂಬಬೇಡಿ, ಅದನ್ನೂ ಪ್ರಿಂಟ್ ಹಾಕಿಸುತ್ತಾರೆ. ಎಂಆರ್‌ಪಿಯ ಅರ್ಧಕ್ಕೇ ಕೊಡ್ತೀನಿ ಅಂದರೆ ಅನುಮಾನ ಪಡಿ. ಜಿಎಸ್‌ಟಿ ಬಿಲ್ ಕೇಳಿದ ತಕ್ಷಣ ರೇಟು ಏರಿದರೆ ಇನ್ನೂ ಅನುಮಾನ ಪಡಿ. ಆಯಿಲ್ ಫಿಲ್ಟರ್ ಆದರೆ ಮುಖದ ತೂತುಗಳ ಒಳಗೆ ಇಣುಕಿ. ಆಯಿಲ್ ವಾಪಸ್ ಇಳಿಯದ ಹಾಗೆ ತಡೆಯುವ ರಬ್ಬರ್ ಒಂದು ಕಾಣಬೇಕು, ಬೆರಳಿನಿಂದ ಒತ್ತಿದರೆ ಮೆತ್ತಗೆ ಬಾಗಬೇಕು. ಏರ್ ಫಿಲ್ಟರ್ ಆದರೆ ಕಾಗದದ ಮಡಿಕೆ ಹಳೇದರಷ್ಟೇ ಒತ್ತೊತ್ತಾಗಿದೆಯಾ, ಅಂಚಿನ ರಬ್ಬರ್ ಎಲ್ಲೂ ಸೊಟ್ಟಗಿಲ್ವಾ ನೋಡಿ. ಅಂಚು ಸರಿ ಕೂರದಿದ್ದರೆ ಧೂಳು ಫಿಲ್ಟರಿನ ಪಕ್ಕದಿಂದ ನುಸುಳಿ ಸೀದಾ ಇಂಜಿನ್ನಿಗೇ ಹೋಗುತ್ತದೆ, ಆಗ ಹೊಸದು ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು? ಮ್ಯಾಟ್, ಮಡ್‌ಫ್ಲ್ಯಾಪ್, ಸೀಟ್ ಕವರ್ ಲೋಕಲ್ ಇದ್ದರೂ ನಡೆಯುತ್ತದೆ (ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಕವರ್ ಅದಕ್ಕೆ ಹೊಂದೋದೇ ಬೇಕು). ಬ್ರೇಕ್ ಪ್ಯಾಡ್, ಬ್ರೇಕ್ ಹೋಸ್, ಟೈಮಿಂಗ್ ಬೆಲ್ಟ್, ಸ್ಟೀರಿಂಗಿನ ಟೈ ರಾಡ್, ಬಾಲ್ ಜಾಯಿಂಟ್, ಇವುಗಳಲ್ಲಿ ಲೋಕಲ್ ಮುಟ್ಟಲೇಬೇಡಿ. ಹಾಕೋ ಕೆಲಸವೂ ಮೆಕ್ಯಾನಿಕ್‌ಗೇ ಇರಲಿ, ಪಾರ್ಟ್ ಮಾತ್ರ ನೀವು ಆರಿಸಿ. ಮುಂದೆ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಹಾಕಿಸೋ ಆಸೆ ಇದ್ದರೆ ಬಿಟ್ಟುಬಿಡಿ. ಡಿಕ್ಕಿಯ ಏಟು ಸೀದಾ ಚಾಸಿಗೆ ಹೋಗುತ್ತದೆ, ಏರ್‌ಬ್ಯಾಗ್ ಸೆನ್ಸರಿನ ಲೆಕ್ಕ ತಪ್ಪಬಹುದು. ಇದರ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಇಲಾಖೆ 2017ರಲ್ಲೇ ರಾಜ್ಯಗಳಿಗೆ ಬರೆದಿದೆ.

ಈಗ ಕೆಲಸ. ಶುರು ಮಾಡೋಕೆ ಕ್ಯಾಬಿನ್ ಫಿಲ್ಟರ್ ಒಳ್ಳೇದು. ಸಾಮಾನ್ಯವಾಗಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಒಳಗಿನ ಸಾಮಾನು ತೆಗೆದು, ಡಬ್ಬದ ಎರಡೂ ಪಕ್ಕದ ಗೋಡೆಗಳನ್ನು ಒಳಕ್ಕೆ ಒತ್ತಿದರೆ ಎಷ್ಟೋ ಕಾರುಗಳಲ್ಲಿ ಅದು ಪೂರ್ತಿ ಕೆಳಗೆ ಬಾಗುತ್ತದೆ. ಹಿಂದೆ ಉದ್ದನೇ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಕ್ಲಿಪ್ ಒತ್ತಿ ತೆಗೆಯಿರಿ. ಫಿಲ್ಟರ್ ಎಳೆಯೋ ಮೊದಲು ಅದರ ಅಂಚಿನ ಬಾಣದ ಗುರುತು ಯಾವ ಕಡೆಗಿದೆ ಅಂತ ಫೋಟೋ ತೆಗೀರಿ. ಆಮೇಲೆ ನಿಧಾನಕ್ಕೆ, ಮಟ್ಟಸವಾಗಿ ಎಳೀರಿ, ಜೋರಾಗಿ ಎಳೆದರೆ ಮೇಲಿದ್ದ ಕಸವೆಲ್ಲ ಬ್ಲೋವರ್ (ಎಸಿ ಫ್ಯಾನ್) ಒಳಗೆ ಬೀಳುತ್ತದೆ. ಹೊಂಗೆ ಮರದ ಕೆಳಗೆ ನಿಲ್ಲೋ ಕಾರಾದರೆ ಮಡಿಕೆಗಳ ಸಂದಿಯಲ್ಲಿ ಒಣಗಿದ ಹೂವು, ಎಲೆಚೂರು, ಬೂದುಬಣ್ಣದ ಧೂಳು ಹೆಪ್ಪುಗಟ್ಟಿರುತ್ತದೆ. ಎಸಿ ಗಾಳಿ ಕಮ್ಮಿಯಾಗಿದ್ದಕ್ಕೆ ಗ್ಯಾಸ್ ತುಂಬಿಸೋ ಮೊದಲು ಇದನ್ನು ನೋಡಿ.

ವೈಪರ್ ಬ್ಲೇಡ್ ಟೇಪಿನಲ್ಲಿ ಅಳೆದು ತನ್ನಿ, ಸಾಮಾನ್ಯವಾಗಿ ಡ್ರೈವರ್ ಕಡೆದು ಉದ್ದ ಇರುತ್ತದೆ. ಬ್ಲೇಡ್ ತೆಗೆದ ತಕ್ಷಣ ಗಾಜಿನ ಮೇಲೆ ದಪ್ಪ ಟವೆಲ್ ಹಾಸಿ. ಬರೀ ಕಬ್ಬಿಣದ ಕೈ ಸ್ಪ್ರಿಂಗ್ ಹೊಡೆತಕ್ಕೆ ಬಿದ್ದರೆ ಗಾಜೇ ಸೀಳಬಹುದು.

ಹೆಡ್‌ಲೈಟಿಗೆ ಎಚ್4 ಬಲ್ಬ್ ಇದ್ದರೆ 60/55 ವ್ಯಾಟಿನದೇ (ಹೈ ಬೀಮ್/ಲೋ ಬೀಮ್) ಹಾಕಿ. ಬೆಳಕು ಜಾಸ್ತಿ ಬರಲಿ ಅಂತ 100/90 ಹಾಕಿದರೆ ಹೋಲ್ಡರ್ ಕರಗಬಹುದು, ರಿಫ್ಲೆಕ್ಟರ್ ಮಂಕಾಗಬಹುದು. ಹ್ಯಾಲೊಜೆನ್ ಗಾಜಿಗೆ ಬರಿಬೆರಳು ತಾಗಿಸಬೇಡಿ, ಬೆರಳಿನ ಜಿಡ್ಡು ಅಂಟಿದ ಕಡೆ ಕಾದು ಬೇಗ ಹೋಗುತ್ತದೆ. ಹಾರ್ನ್, ಫಾಗ್ ಲ್ಯಾಂಪ್ ಹಾಕುವಾಗ ಕಂಪನಿ ವೈರ್ ಕತ್ತರಿಸದೆ ಕಪ್ಲರ್ (ಸಿಕ್ಕಿಸೋ ಕನೆಕ್ಟರ್) ಇರೋ ರಿಲೇ ಕಿಟ್ ತನ್ನಿ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

ಆಯಿಲ್ ಚೇಂಜ್ ಮಾತ್ರ ಮಟ್ಟಸವಾದ ಜಾಗ, ಜ್ಯಾಕ್ ಸ್ಟ್ಯಾಂಡ್ (ಎತ್ತಿದ ಕಾರನ್ನು ಹೊರೋ ಆಸರೆ) ಇದ್ದವರಿಗೆ. ಕಾರಿನ ಜೊತೆ ಬರೋ ಜ್ಯಾಕ್ ಪಂಕ್ಚರ್‌ಗೆ ಅಷ್ಟೇ. ಅದೊಂದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. "ಗಟ್ಟಿ ಆಯಿಲ್ ಇಂಜಿನ್ನಿಗೆ ಒಳ್ಳೇದು" ಅಂತ ಮಂದವಾದ 20ಡಬ್ಲ್ಯೂ-50 ಗ್ರೇಡ್ ಸುರಿಯೋ ಅಭ್ಯಾಸ ಕೆಲವು ಗ್ಯಾರೇಜ್‌ಗಳಲ್ಲಿ ಇನ್ನೂ ಇದೆ. ಈಗಿನ ಎಷ್ಟೋ ಸಣ್ಣ ಪೆಟ್ರೋಲ್ ಇಂಜಿನ್‌ಗಳು ಕೇಳೋದು ತೆಳ್ಳಗಿನ 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30. ನಿಮ್ಮದಕ್ಕೆ ಯಾವುದು, ಎಷ್ಟು ಲೀಟರ್ ಅನ್ನೋದು ಮ್ಯಾನ್ಯುಯಲ್‌ನಲ್ಲಿದೆ. ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟಿಕೊಂಡಿದೆಯಾ ಅಂತ ಬೆರಳಾಡಿಸಿ ನೋಡಿ. ಅದರ ಮೇಲೇ ಹೊಸದು ಕೂತರೆ ಇಂಜಿನ್ ಸ್ಟಾರ್ಟ್ ಆಗ್ತಿದ್ದಂತೆ ಆಯಿಲ್ ಹೊರಗೆ ಚಿಮ್ಮುತ್ತದೆ. ಹೊಸ ರಿಂಗಿಗೆ ಒಂದಿಷ್ಟು ಆಯಿಲ್ ಸವರಿ, ಕೈಯಲ್ಲೇ ಬಿಗಿ ಮಾಡಿ. ಹಳೇ ಆಯಿಲ್ ಇಳಿಸೋ ಡ್ರೈನ್ ಬೋಲ್ಟಿನ ವಾಷರ್ ಹೊಸದು ಹಾಕಿ. ಆಯಿಲ್ ತುಂಬಿ, ಒಂದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿ.

ಹಳೇ ಆಯಿಲ್ ಮೋರಿಗೆ ಸುರಿಯಬೇಡಿ. ಕ್ಯಾನಿನಲ್ಲಿ ತುಂಬಿ ಪರಿಚಯದ ಗ್ಯಾರೇಜಿಗೆ ಕೊಡಿ, ಅವರ ಡ್ರಮ್ಮಿಗೆ ಸೇರಿಸಿಕೊಳ್ಳುತ್ತಾರೆ. ಹೊಸ ಆಯಿಲ್ ಬಂದ ಖಾಲಿ ಕ್ಯಾನನ್ನು ಮಾತ್ರ ಗುಜರಿಗೆ ಹಾಗೇ ಹಾಕಬೇಡಿ. ಮುಚ್ಚಳ ಸಮೇತ ಚೆನ್ನಾಗಿರೋ ಕ್ಯಾನ್ ಅಂದರೆ ಡೂಪ್ಲಿಕೇಟ್ ಆಯಿಲ್ ತುಂಬೋರಿಗೆ ಹಬ್ಬ. ಚಾಕು ತಗೊಂಡು ಹೊಟ್ಟೆ ಸೀಳಿ, ಆಮೇಲೆ ಹಾಕಿ.