ಫೀಲ್ಡ್ ಟ್ರಿಪ್‌ನಲ್ಲಿ ಸುತ್ತಿಗೆಗಿಂತ ಮೊದಲು ಪೆನ್ಸಿಲ್

ಭೂವಿಜ್ಞಾನದ ಫೀಲ್ಡ್ ಟ್ರಿಪ್‌ಗೆ ಹೊರಟವರೇ, ಬಂಡೆ ಕಂಡ ಕೂಡಲೇ ಒಡೆಯಬೇಡಿ. ದೂರ ನಿಂತು ಪದರಗಳು ಎತ್ತ ವಾಲಿವೆ ನೋಡಿ, ಚಿತ್ರ ಬರೆಯಿರಿ. ಸುಮ್ನೆ ಫೋಟೋ ತೆಗೆದರೆ ಸಾಲದು.

ಮರಳುಗಲ್ಲಿನಲ್ಲಿ ಓರೆ ಪದರಗಳಿದ್ದರೆ (ದೊಡ್ಡ ಪದರದೊಳಗೆ ಓರೆಯಾಗಿ ಕೂತ ಸಣ್ಣ ಪದರಗಳು) ಅಲ್ಲಿ ಜಾಸ್ತಿ ಹೊತ್ತು ಕಳೆಯಿರಿ. ಅವು ಇಳಿಯುವ ದಿಕ್ಕಿಗೇ ಹಿಂದೆ ನೀರೋ ಗಾಳಿಯೋ ಹರಿದಿರುತ್ತದೆ. ದೊಡ್ಡ ಪದರಗಳೇ ಆಮೇಲೆ ವಾಲಿದ್ದರೆ ಆ ವಾಲನ್ನು ಲೆಕ್ಕದಿಂದ ಕಳೆಯಬೇಕು. ಹಲವು ಕಡೆ ಈ ದಿಕ್ಕನ್ನು ಅಳೆದರೆ, ಮರಳು ಶೇಖರವಾದ ಆ ತಗ್ಗು ಪ್ರದೇಶಕ್ಕೆ ಅದು ಯಾವ ಕಡೆಯಿಂದ ಬಂತು ಎಂಬುದು ತಿಳಿಯುತ್ತದೆ. ಎಷ್ಟು ಚೆಂದದ ವಿಷಯ ಅಲ್ವಾ!

ಅಳೆಯುವಾಗ ಸುತ್ತಿಗೆ ದೂರವಿಡಿ, ಕಬ್ಬಿಣ ದಿಕ್ಸೂಚಿಯ ಮುಳ್ಳನ್ನು ಎಳೆಯುತ್ತದೆ. ಸುಣ್ಣಕಲ್ಲಿಗೆ ನೀರು ಬೆರೆತ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದರೆ ಜೋರಾಗಿ ನೊರೆ ಬರುತ್ತದೆ. ಸುಣ್ಣಕಲ್ಲನ್ನು ಹೋಲುವ ಡಾಲೊಮೈಟ್ ಆದರೆ ಗೀರಿ ಪುಡಿ ಮಾಡಿ, ಆ ಪುಡಿಯ ಮೇಲೆ ಹನಿ ಹಾಕಿ ನೋಡಿ. ಕಣ್ಣು ಕಾಪಾಡುವ ಕನ್ನಡಕ ಮರೆಯಬೇಡಿ.